ಹಲ್ಲಿಲ್ಲದ ಗೇರು

ಬೆಳಗಾವಿಯ ರವಿವಾರ ಪೇಟೆಯಲ್ಲಿ ದಲಾಲಿ ಎಂಬುದು ಬೈಗುಳವಲ್ಲ, ಲೆಕ್ಕದ ಪುಸ್ತಕದ ಒಂದು ಸಾಲು. ಸುಗ್ಗಿ ಮುಗಿದ ಮೇಲೆ ಹಳ್ಳಿಯ ಮಾಲು ಒಮ್ಮೆಲೇ ಬರುತ್ತದೆ, ಚೀಲಗಟ್ಟಲೆ. ಓಣಿಯ ಕಿರಾಣಿ ಅಂಗಡಿಗೆ ಬೇಕಾದದ್ದು ವರ್ಷವಿಡೀ, ದಿನಕ್ಕಿಷ್ಟು, ಕಿಲೋಗಟ್ಟಲೆ. ಕೊಡುವವನ ನಡಿಗೆಗೂ ಕೊಳ್ಳುವವನ ನಡಿಗೆಗೂ ತಾಳ ಕೂಡುವುದಿಲ್ಲ. ನಡುವೆ ಗಾದಿಯ ಮೇಲೆ ಕೂತವನು ತಾಳ ಕೂಡಿಸುತ್ತಾನೆ, ತನ್ನ ಪಾಲು ತೆಗೆದಿಟ್ಟುಕೊಳ್ಳುತ್ತಾನೆ.

ಯಂತ್ರಗಳ ಲೋಕದಲ್ಲಿ ಆ ಗಾದಿಯ ಮೇಲೆ ಕೂತಿರುವುದು ಗೇರು. (ಖಾನಾಪುರದ ಕಡೆ, ಜಾಂಬೋಟಿ ದಾಟಿದ ಮೇಲೆ, ಗೇರು ಎಂದರೆ ಗೋಡಂಬಿ. ಇಲ್ಲಿ ಅದರ ಸುದ್ದಿ ಇಲ್ಲ.) ಎತ್ತು, ಕಾಲು, ಹೊಳೆ, ಅಲೆ ಇವೆಲ್ಲ ಬಲ ಕೊಡುವುದು ನಿಧಾನವಾಗಿ. ನೂಲು ತೆಗೆಯುವ ಕದಿರಿಗೆ, ವಿದ್ಯುತ್ ಹುಟ್ಟಿಸುವ ಜನರೇಟರ್‌ಗೆ ಬೇಕಾದದ್ದು ವೇಗ. ಅಜ್ಜಿಯ ರಾಟೆಯಲ್ಲಿ ದೊಡ್ಡ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಕದಿರು ಹತ್ತಾರು ಸುತ್ತು ತಿರುಗುತ್ತದಲ್ಲ, ನಡುವಿನ ದಾರ ಮಾಡುವುದು ಅದೇ ದಲಾಲಿ. ನೀರಿನಿಂದ ಶಕ್ತಿ ತೆಗೆದ ಕಥೆಯನ್ನು ನಾವು ಸಾಮಾನ್ಯವಾಗಿ ಅಣೆಕಟ್ಟು, ಟರ್ಬೈನು, ದಿವಾನರು ಎಂದು ಹೇಳಿಕೊಂಡು ಬಂದಿದ್ದೇವೆ. ನನಗೆ ಅದು ಮೊದಲಿನಿಂದಲೂ ಈ ನಡುವಿನವನ ಕಥೆಯಾಗಿ ಕಾಣುತ್ತದೆ. ಅದರ ಒಂದು ಮುಖ್ಯ ಅಧ್ಯಾಯ ಬೆಳಗಾವಿ ಜಿಲ್ಲೆಯಲ್ಲೇ ನಡೆದದ್ದು.

ಮೊದಲು ನೀರಿನ ದಿಕ್ಕು ನೋಡಬೇಕು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹೊರಟು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಅದೇ ತಾಲೂಕಿನ ದೇಗಾವದ ಕಾಡಿನಲ್ಲಿ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ಇಳಿದು, ಗೋವೆಯಲ್ಲಿ ಮಾಂಡವಿ ಎಂದು ಹೆಸರು ಬದಲಿಸಿಕೊಂಡು ಅರಬ್ಬೀ ಸಮುದ್ರ ಕಾಣುತ್ತಾಳೆ. ಒಂದೇ ಮಳೆ, ಒಂದೇ ಘಟ್ಟ. ಯಾವ ಹನಿ ಯಾವ ಕಡೆ ಹೋಗಬೇಕು ಎಂಬ ಜಗಳ ನ್ಯಾಯಮಂಡಳಿಯವರೆಗೂ ಹೋಗಿದ್ದು ಎಲ್ಲರಿಗೂ ಗೊತ್ತು. ಆದರೆ ಹೊಳೆಯ ನೀರಿಗೂ ಕಡಲ ನೀರಿಗೂ ಇನ್ನೊಂದು ವ್ಯತ್ಯಾಸವಿದೆ. ಹೊಳೆಗೆ ಎತ್ತರ ಇದೆ, ಕಡಲಿಗೆ ಇಲ್ಲ. ಈ ಲೇಖನದ ಮುಂದಿನದೆಲ್ಲ ಆ ವ್ಯತ್ಯಾಸದಿಂದ ಹುಟ್ಟಿದ್ದು.

ಎತ್ತರ ಎಂದರೆ ಜಿಲ್ಲೆಯಲ್ಲಿ ಗೋಕಾಕ. ಕರದಂಟು ನೆನಪಾಗುವ ಮುಂಚೆ ಅಲ್ಲಿ ಜಲಪಾತ ನೆನಪಾಗುತ್ತಿದ್ದ ಕಾಲವೊಂದಿತ್ತು. ಘಟಪ್ರಭೆ ಅಲ್ಲಿ ಕುದುರೆಲಾಳದಂತೆ ಬಾಗಿದ ಬಂಡೆಯ ಅಂಚಿನಿಂದ 52 ಮೀಟರ್, ಹಳೆಯ ಲೆಕ್ಕದಲ್ಲಿ 170 ಅಡಿ, ಕೆಳಕ್ಕೆ ಧುಮುಕುತ್ತದೆ. 1880ರ ದಶಕದಲ್ಲಿ ಈ ನೀರಿನ ಮೇಲೆ ಕಣ್ಣಿಟ್ಟು ಹುಟ್ಟಿದ ಸಂಸ್ಥೆಯ ಹೆಸರು ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ. ಹೆಸರಿನಲ್ಲಿ ನೀರು ಮೊದಲು, ತಯಾರಿಕೆ ಆಮೇಲೆ. ಇಟ್ಟವರಿಗೆ ಬಂಡವಾಳ ಯಾವುದೆಂದು ಸ್ಪಷ್ಟವಿತ್ತು. ಸದರ್ನ್ ಮರಾಠಾ ರೈಲಿನ ಹಳಿ ಲೋಂಡಾದಿಂದ ಬೆಳಗಾವಿಯ ಮೇಲೆ ಹಾಯುತ್ತಿದ್ದ ದಿನಗಳೂ ಅವೇ. ಹತ್ತಿ ಬೆಳೆಯುವ ಬಯಲು ಒಂದು ಕಡೆ, ಮೊರ್ಮುಗೋವಾ ಬಂದರು ಇನ್ನೊಂದು ಕಡೆ. ಕಲ್ಲಿದ್ದಲು ಮಾತ್ರ ಹತ್ತಿರ ಎಲ್ಲೂ ಇರಲಿಲ್ಲ. ಮುಂಬಯಿಯ ಗಿರಣಿಗಳು ಉಗಿಯ ಮೇಲೆ ನಡೆಯುತ್ತಿದ್ದವು. ಗೋಕಾಕಿನವರು ಹೊಳೆಯ ಮೇಲೆ ನಡೆಸಲು ಹೊರಟರು.

ತೊಡಕು ಏನೆಂದರೆ, ಟರ್ಬೈನು ಇರಬೇಕಾದದ್ದು ಕಮರಿಯ ತಳದಲ್ಲಿ, ನೀರು ಬೀಳುವಲ್ಲಿ. ಗಿರಣಿ ಇದ್ದದ್ದು ಮೇಲೆ, ಬಂಡೆಯ ನೆತ್ತಿಯಲ್ಲಿ. ಕೆಳಗೆ ತಿರುಗಿದ್ದನ್ನು ಮೇಲಕ್ಕೆ ಮುಟ್ಟಿಸುವುದು ಹೇಗೆ? ಆಗಿನ ಉತ್ತರ ಹಗ್ಗ. ಉಕ್ಕಿನ ತಂತಿ ಹೆಣೆದ ಹಗ್ಗವನ್ನು ದೊಡ್ಡ ಗಾಲಿಗಳ ಮೇಲೆ ಸುತ್ತುಹಾಕಿ, ಕೆಳಗಿನ ಗಾಲಿ ತಿರುಗಿದರೆ ಮೇಲಿನದೂ ತಿರುಗುವಂತೆ ಮಾಡುವುದು. 1850ರಲ್ಲಿ ಫ್ರಾನ್ಸಿನ ಅಲ್ಸಾಸ್ ಸೀಮೆಯಲ್ಲಿ ಹಿರ್ನ್ ಎಂಬಾತ ಇದನ್ನು ಕಂಡುಕೊಂಡಿದ್ದ. 1866ರಲ್ಲಿ ಸ್ವಿಟ್ಜರ್ಲೆಂಡಿನ ಶಾಫ್‌ಹೌಸನ್‌ನಲ್ಲಿ ಹೈನ್ರಿಕ್ ಮೋಸರ್ ರೈನ್ ನದಿಯ ಶಕ್ತಿಯನ್ನು ಹೀಗೆಯೇ ಹೊಳೆ ದಾಟಿಸಿ ಕಾರ್ಖಾನೆಗಳಿಗೆ ಹಂಚಿದ. ಗುಟ್ಟು ಸರಳವಾದದ್ದು. ಹಗ್ಗ ನಿಧಾನವಾಗಿ ಓಡಿದರೆ ಹೊರೆ ಎಳೆಯಲು ಅದು ತೊಲೆಯಷ್ಟು ದಪ್ಪ ಇರಬೇಕು. ಭರದಿಂದ ಓಡಿಸಿದರೆ ಬೆರಳು ದಪ್ಪದ ಹಗ್ಗ ಸಾಕು. ಒಂದೊಂದು ಸಲಕ್ಕೆ ಸ್ವಲ್ಪವೇ ಎಳೆಯುತ್ತದೆ, ಆದರೆ ಎಷ್ಟೋ ಸಲ ಎಳೆಯುತ್ತದೆ. ಚಿಲ್ಲರೆ ವ್ಯಾಪಾರ! ಗಾಲಿಯ ಅಂಚಿಗೆ ಚರ್ಮದ ಪಟ್ಟಿ ಕೂರಿಸುತ್ತಿದ್ದರು, ಹಗ್ಗ ಕಚ್ಚಿ ಹಿಡಿಯಲೆಂದು. ಹಾಗಿದ್ದರೂ ಹಗ್ಗ ಸವೆಯುತ್ತಿತ್ತು, ಬಿಸಿಲಿಗೆ ಹಿಗ್ಗುತ್ತಿತ್ತು, ಚಳಿಗೆ ಕುಗ್ಗುತ್ತಿತ್ತು. ನಡುವಿನವನ ಪಾಲು ಎಂದರೆ ಇದೇ.

1887ರಲ್ಲಿ ಗೋಕಾಕದ ಗಿರಣಿ ತಿರುಗಿತು. ಜಲಪಾತ ನೋಡಲು ಹೋದವರಿಗೆ ಭಾರತದಲ್ಲಿ ಮೊದಲು ವಿದ್ಯುತ್ ಹುಟ್ಟಿದ್ದು ಇಲ್ಲಿ, 1887ರಲ್ಲಿ ಎಂಬ ಮಾತು ತಪ್ಪದೆ ಕೇಳಸಿಗುತ್ತದೆ. ಡಾರ್ಜಿಲಿಂಗಿನವರು 1897ರ ಸಿದ್ರಾಪೋಂಗ್ ಕೇಂದ್ರವನ್ನು ಮುಂದಿಡುತ್ತಾರೆ, ಮೈಸೂರಿನವರು 1902ರ ಶಿವನಸಮುದ್ರವನ್ನು. ಈ 'ಮೊದಲು' ಎಂಬ ಪಂದ್ಯದಲ್ಲಿ ನನಗೆ ಉಮೇದಿಲ್ಲ. ಗೋಕಾಕದ ನೀರು ಮೊದಲು ಮಾಡಿದ ಕೆಲಸ ನೂಲು ತೆಗೆಯುವುದು, ಅದೂ ಹಗ್ಗದ ಮೇಲೆ. ನನಗೆ ದೊಡ್ಡದಾಗಿ ಕಾಣುವುದು ಅದೇ. ವಿದ್ಯುತ್ ದೀಪವನ್ನು ಇನ್ನೂ ಬಹುತೇಕ ಯಾರೂ ಕಂಡಿರದ ಸೀಮೆಯಲ್ಲಿ, ಬಿದ್ದು ಹೋಗುವ ಹೊಳೆಯನ್ನು ಹಿಡಿದು ಬಂಡೆಯ ಮೇಲಕ್ಕೆ ಎಳೆದು ತಂದರಲ್ಲ.

ಆದರೆ ಘಟಪ್ರಭೆ ಮಳೆಯ ಹೊಳೆ. ಶ್ರಾವಣದಲ್ಲಿ ಕೆಂಪು ನೀರಿನ ಅಬ್ಬರ. ಬೇಸಿಗೆಯಲ್ಲಿ ಅದೇ ಅಂಚಿನಲ್ಲಿ ಕರಿ ಬಂಡೆ, ಅಲ್ಲೊಂದು ಇಲ್ಲೊಂದು ಎಳೆ ನೀರು. ಗಿರಣಿ ಶ್ರಾವಣಕ್ಕೊಮ್ಮೆ ಮಾತ್ರ ತಿರುಗಿದರೆ ಹೇಗೆ? ಜಲಪಾತದ ಮೇಲುಗಡೆ ಧೂಪದಾಳದಲ್ಲಿ ಕಟ್ಟಿದ ಒಡ್ಡು, ಮುಂದೆ ಬಹಳ ವರ್ಷಗಳ ಮೇಲೆ ಹಿಡಕಲ್ ಅಣೆಕಟ್ಟು, ನೀರನ್ನು ಹಿಡಿದಿಟ್ಟು ಬಿಡುವ ಕೆಲಸಕ್ಕೆ ಬಂದವು. ಮಳೆಗಾಲದ ಹೊಳೆಯನ್ನು ಬೇಸಿಗೆಗೆ ದಾಟಿಸುವುದೂ ಒಂದು ಬಗೆಯ ಅಡತ ವ್ಯಾಪಾರವೇ. ಈ ಸೌಕರ್ಯ ಕಡಲಿಗೆ ಇಲ್ಲ. ಅಲೆಗೆ ಒಡ್ಡು ಕಟ್ಟಿ ಇಟ್ಟುಕೊಳ್ಳಲು ಬರುವುದಿಲ್ಲ.

ಗೋಕಾಕದ ಗಾಲಿ ತಿರುಗಿದ ಮರುವರ್ಷ ಬೆಳಗಾವಿ ಪೇಟೆಯಲ್ಲಿ ಇನ್ನೊಂದು ಗಾಲಿ ತಿರುಗಿತು. ಸವದತ್ತಿ ಕಡೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಮತ್ತು ಅವರ ಅಣ್ಣ ರಾಮುವಣ್ಣ ಸೇರಿ 1888ರಲ್ಲಿ ತೆರೆದ ಸೈಕಲ್ ಅಂಗಡಿಯಿಂದ ಕಿರ್ಲೋಸ್ಕರ್ ಬ್ರದರ್ಸ್ ತನ್ನ ವಯಸ್ಸು ಎಣಿಸುತ್ತದೆ. ಲಕ್ಷ್ಮಣರಾಯರು ಚಿತ್ರಕಲೆ ಕಲಿಯಲು ಮುಂಬಯಿಯ ಜೆ.ಜೆ. ಕಲಾಶಾಲೆಗೆ ಹೋದವರು, ಬಣ್ಣಗಳು ಸರಿಯಾಗಿ ಕಾಣದ ಕಣ್ಣಿನ ದೋಷದಿಂದ ಯಂತ್ರಗಳ ನಕಾಶೆಯ ಕಡೆ ತಿರುಗಿದವರು. ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಶಾಲೆಯಲ್ಲಿ ಕಲಿಸುತ್ತ, ಮುಂಬಯಿಯಲ್ಲಿ ಸೈಕಲ್ ಕೊಂಡು ಬೆಳಗಾವಿಗೆ ಕಳಿಸುತ್ತಿದ್ದರು. ಅಣ್ಣ ಇಲ್ಲಿ ಮಾರುತ್ತಿದ್ದರು, ಹತ್ತಲು ಕಲಿಸಲು 15 ರೂಪಾಯಿ ಬೇರೆ ತೆಗೆದುಕೊಳ್ಳುತ್ತಿದ್ದರಂತೆ. ಇಂದಿಗೂ ರವಿವಾರ ಪೇಟೆಯಿಂದ ಕಿರ್ಲೋಸ್ಕರ್ ರಸ್ತೆಗೆ ನಡೆದೇ ಹೋಗಬಹುದು.

ಸೈಕಲ್ ಬಗ್ಗೆ ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಅಲೆಯಿಂದ ವಿದ್ಯುತ್ ತೆಗೆಯಲು ಹೊರಟ ಇಂಜಿನಿಯರರು ಇವತ್ತು ತಲೆ ಕೆಡಿಸಿಕೊಂಡಿರುವ ಪ್ರಶ್ನೆಯನ್ನು ಸೈಕಲ್ ಆಗಲೇ ಎರಡು ರೀತಿಯಲ್ಲಿ ಬಿಡಿಸಿತ್ತು. 1885ರ ರೋವರ್ ಸೈಕಲ್ಲಿಗೆ ಮುಂಚೆ ಇದ್ದದ್ದು ಮುಂದಿನ ಚಕ್ರ ಆಳೆತ್ತರ, ಹಿಂದಿನದು ತಟ್ಟೆಯಷ್ಟು ಎಂಬ ಆ ತಮಾಷೆಯ ವಾಹನ. ಅದರಲ್ಲಿ ಪೆಡಲು ನೇರ ಚಕ್ರಕ್ಕೇ ಅಂಟಿಕೊಂಡಿತ್ತು. ಕಾಲು ಒಂದು ಸುತ್ತು ಬಂದರೆ ಚಕ್ರವೂ ಒಂದೇ ಸುತ್ತು. ದಲಾಲಿ ಇಲ್ಲ. ಹಾಗಾದರೆ ವೇಗ ಬರುವುದು ಹೇಗೆ? ಚಕ್ರವನ್ನೇ ದೊಡ್ಡದು ಮಾಡು. ಹತ್ತುವವನು ಬಿದ್ದರೆ ಹಲ್ಲು ಉದುರುವಷ್ಟು ಎತ್ತರ. ರೋವರ್ ಬಂದಾಗ ಚಕ್ರಗಳು ಸಣ್ಣವಾದವು, ನಡುವೆ ಚೈನು ಬಂತು, ದೊಡ್ಡ ಹಲ್ಲುಚಕ್ರದಿಂದ ಸಣ್ಣ ಹಲ್ಲುಚಕ್ರಕ್ಕೆ. ಎಣ್ಣೆ ಬೇಕು, ಚೈನು ಕಳಚುತ್ತದೆ, ಪ್ಯಾಂಟಿನ ಅಂಚು ಸಿಕ್ಕಿಕೊಳ್ಳುತ್ತದೆ. ಆದರೂ ಗೆದ್ದದ್ದು ಚೈನು. ನಿಧಾನ ಬಲದಿಂದ ವೇಗ ತೆಗೆಯಲು ದಾರಿಗಳು ಎರಡೇ. ಒಂದೋ ತಿರುಗುವುದನ್ನು ಭೀಮಗಾತ್ರ ಮಾಡಬೇಕು, ಇಲ್ಲವೇ ನಡುವೆ ಒಬ್ಬನನ್ನು ಕೂರಿಸಬೇಕು.

ಕಿರ್ಲೋಸ್ಕರರ ಮುಂದಿನ ಕಥೆ ಗೊತ್ತಿರುವಂಥದ್ದೇ: ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು, ಕಬ್ಬಿಣ ತಗುಲಿದರೆ ಹೊಲ ಕೆಡುತ್ತದೆ ಎಂದು ರೈತರು ಅದನ್ನು ದೂರವಿಟ್ಟದ್ದು. ಊರು ಬೆಳೆಯುತ್ತ ಕಾರ್ಖಾನೆಯ ಜಾಗ ಬಿಡಬೇಕಾಗಿ ಬಂದಾಗ ಔಂಧದ ರಾಜರು ಕುಂಡಲದ ಬಳಿ 32 ಎಕರೆ ಕೊಟ್ಟರು. 1910ರಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು. ಬೆಳಗಾವಿಗೆ ರಸ್ತೆಯ ಹೆಸರು ಉಳಿಯಿತು. ಕಬ್ಬಿಣ ಕರಗಿಸುವ ವಿದ್ಯೆಯೂ ಉಳಿಯಿತು ಎನ್ನಬೇಕು. ಉದ್ಯಮಬಾಗದ ಫೌಂಡ್ರಿಗಳನ್ನು ಕಂಡವರು ಒಪ್ಪುತ್ತಾರೆ.

ಇತ್ತ ಹಗ್ಗದ ಕಾಲ ಮುಗಿಯುತ್ತ ಬಂತು. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. ತಂತಿ ಅಲ್ಲೂ ಇತ್ತು, ಆದರೆ ಅದು ಓಡುತ್ತಿರಲಿಲ್ಲ, ಸುಮ್ಮನೆ ಕಂಬದ ಮೇಲೆ ನೇತಾಡುತ್ತಿತ್ತು. ಕಾವೇರಿಯ ಎತ್ತರದಿಂದ ಬೀಳುವ ನೀರಿಗೆ ತಾನೇ ವೇಗವಿತ್ತು. ಟರ್ಬೈನಿನ ದಂಡಕ್ಕೇ ಜನರೇಟರ್ ಕೂರಿಸಿದರೆ ನಡುವೆ ಹಲ್ಲುಚಕ್ರದ ಹಂಗಿಲ್ಲ. ಎತ್ತರವೇ ದಲಾಲಿ, ಅದೂ ಬಿಟ್ಟಿ ದಲಾಲಿ. ಮುಂದಿನ ಅರ್ಧ ಶತಮಾನ ನಾಡಿನಲ್ಲಿ ಯಾರಿಗೂ ಕಡಲಿನ ಕಡೆ ನೋಡುವ ಅಗತ್ಯ ಬೀಳದಿದ್ದದ್ದು ಇದರಿಂದಲೇ. ಜೋಗ ಇದ್ದವರು ಅಲೆ ಎಣಿಸುತ್ತ ಯಾಕೆ ಕೂರುತ್ತಾರೆ?

ಕಡಲಿನ ಕಡೆ ನೋಡಿದವರು ಬೇರೆ ಕಡೆ ಇದ್ದರು. 1799ರಲ್ಲೇ ಪ್ಯಾರಿಸಿನಲ್ಲಿ ಗಿರಾರ್ ಎಂಬ ತಂದೆ-ಮಗ ಅಲೆಯ ಶಕ್ತಿಗೆ ಪೇಟೆಂಟ್ ಪಡೆದಿದ್ದರು. ಎರಡನೇ ಮಹಾಯುದ್ಧದ ನಂತರ ಜಪಾನಿನ ಯೋಶಿಯೊ ಮಸುದಾ ಹಡಗುಗಳಿಗೆ ದಾರಿ ತೋರುವ ತೇಲುಬುರುಡೆಗಳ ದೀಪವನ್ನು ಅಲೆಯಿಂದಲೇ ಉರಿಸಿದರು. 1973ರ ತೈಲ ಬಿಕ್ಕಟ್ಟು ಬಂದ ಮರುವರ್ಷ ಎಡಿನ್‌ಬರೊದ ಸ್ಟೀಫನ್ ಸಾಲ್ಟರ್ ಅಲೆಗೆ ತಲೆದೂಗುವ ತಮ್ಮ 'ಬಾತುಕೋಳಿ' ಯಂತ್ರದ ಪ್ರಬಂಧ ಪ್ರಕಟಿಸಿದರು.

ಅಲೆಯ ತೊಂದರೆ ಲೆಕ್ಕ ಹಾಕಿ ನೋಡಿ. ಎಂಟು ಸೆಕೆಂಡಿಗೊಂದು ಅಲೆ ಎಂದರೆ ನಿಮಿಷಕ್ಕೆ ಏಳೂವರೆ ಏರಿಳಿತ. ನಮ್ಮ ಕರೆಂಟಿಗೆ ಹೊಂದುವ ಸಾಮಾನ್ಯ ನಾಲ್ಕು ಧ್ರುವದ ಜನರೇಟರ್ ನಿಮಿಷಕ್ಕೆ 1500 ಸುತ್ತು ಕೇಳುತ್ತದೆ. ನಡುವೆ ಇನ್ನೂರು ಪಟ್ಟಿನ ಅಂತರ. ಅಷ್ಟೇ ಅಲ್ಲ, ಹೊಳೆ ಒಂದೇ ದಿಕ್ಕಿಗೆ ತಳ್ಳುತ್ತದೆ, ಅಲೆ ಮೇಲೆ-ಕೆಳಗೆ, ಮುಂದೆ-ಹಿಂದೆ. ಮತ್ತೆ ಒಂದು ಅಲೆ ಇನ್ನೊಂದರಂತಿಲ್ಲ. ಹಲ್ಲುಚಕ್ರ ಕೂರಿಸಿದರೆ ಪ್ರತಿ ಅಲೆಗೂ ಹಲ್ಲಿನ ಮೇಲೆ ಒಂದು ಗುದ್ದು, ದಿಕ್ಕು ಬದಲಾದಾಗಲೆಲ್ಲ ಇನ್ನೊಂದು. ವರ್ಷಕ್ಕೆ ಹತ್ತಿರ ಹತ್ತಿರ ನಲವತ್ತು ಲಕ್ಷ ಅಲೆ. ಉಪ್ಪುನೀರಿನಲ್ಲಿ, ನಡುಗಡಲಿನಲ್ಲಿ, ಎಣ್ಣೆ ಹಾಕಲು ಹೋಗುವವರು ಯಾರು?

ಭಾರತದ ಉತ್ತರ ಬಂದದ್ದು ಕೇರಳದ ದಂಡೆಯಲ್ಲಿ. 1980ರ ದಶಕದ ಮೊದಲಲ್ಲಿ ಮದ್ರಾಸ್ ಐಐಟಿಯಲ್ಲಿ ಅಲೆಯ ಶಕ್ತಿಗೆಂದೇ ಒಂದು ತಂಡ ಕಟ್ಟಿದರು. ತಿರುವನಂತಪುರದ ಬಳಿಯ ವಿಳಿಂಜಂ ಮೀನುಗಾರಿಕಾ ಬಂದರಿನ ಅಲೆತಡೆಯ ಪಕ್ಕ, ಸುಮಾರು 10 ಮೀಟರ್ ಆಳದಲ್ಲಿ, ಮೂರು ಸಾವಿರ ಟನ್ ತೂಕದ ಕಾಂಕ್ರೀಟ್ ಪೆಟ್ಟಿಗೆಯನ್ನು ಕೂರಿಸಿದರು. 1991ರಲ್ಲಿ ಅದು ವಿದ್ಯುತ್ ಕೊಟ್ಟಿತು. ಹೆಸರಿಗೆ 150 ಕಿಲೋವಾಟ್. ಅದರಲ್ಲಿ ಗೇರು ಇರಲಿಲ್ಲ. ಪೆಟ್ಟಿಗೆಯ ತಳ ಕಡಲಿಗೆ ತೆರೆದಿತ್ತು. ಅಲೆ ಒಳಗೆ ಏರಿದರೆ ಮೇಲಿನ ಗಾಳಿ ಸಣ್ಣ ಬಾಯಿಯಿಂದ ಭುಸ್ ಎಂದು ಹೊರಗೆ, ಇಳಿದರೆ ಒಳಗೆ. ಅಗಲವಾದ ನೀರು ನಿಧಾನ ಏರುತ್ತದೆ, ಕಿರಿದಾದ ಬಾಯಲ್ಲಿ ಗಾಳಿ ಬಿರುಸಾಗುತ್ತದೆ. ಕಮ್ಮಾರನ ತಿದಿಯ ಲೆಕ್ಕವೇ. ಇಲ್ಲಿ ದಲಾಲಿ ಗಾಳಿ. ಆ ಬಾಯಿಯಲ್ಲಿ ಕೂರಿಸಿದ್ದು ಬೆಲ್‌ಫಾಸ್ಟಿನ ಅಲನ್ ವೆಲ್ಸ್ 1970ರ ದಶಕದಲ್ಲಿ ರೂಪಿಸಿದ ಟರ್ಬೈನು. ಉಸಿರು ಹೊರಗೆ ಹೋಗಲಿ ಒಳಗೆ ಬರಲಿ, ಅದು ಒಂದೇ ದಿಕ್ಕಿಗೆ ತಿರುಗುತ್ತದೆ.

ಚಂದದ ಉಪಾಯ. ಆದರೆ ಗಾಳಿ ಕೇಳುವ ಪಾಲು ದೊಡ್ಡದು, ಸೋರಿಹೋಗುವುದು ಬಹಳ. ಜೊತೆಗೆ ಅಲೆಯೊಂದಿಗೆ ಏರಿ ಇಳಿಯುವ ಕರೆಂಟನ್ನು ಜಾಲಕ್ಕೆ ಕೊಡುವುದೇ ಒಂದು ಸಾಹಸ. ಮುಂದೆ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಅದನ್ನು ವಹಿಸಿಕೊಂಡಿತು. 2004ರಲ್ಲಿ ಆ ಶಕ್ತಿಯಿಂದಲೇ ಉಪ್ಪುನೀರು ಸೋಸಿ ದಿನಕ್ಕೆ 10,000 ಲೀಟರ್ ಕುಡಿಯುವ ನೀರು ತೆಗೆಯುವ ಘಟಕ ಕೂರಿಸಿದರು. ಏರುಪೇರಿನ ಸರಕಿಗೆ ಏರುಪೇರು ತಾಳುವ ಗಿರಾಕಿ. ಜಾಣತನದ ವ್ಯಾಪಾರ ಎಂದೇ ನನ್ನ ಎಣಿಕೆ. ಆ ಘಟಕ ಈಗ ನಿಂತುಹೋಗಿದೆ.

ಇನ್ನೊಂದು ದಾರಿ ಆಳೆತ್ತರದ ಚಕ್ರದ್ದು. ಗೇರು ಬೇಡ, ಜನರೇಟರನ್ನೇ ದೊಡ್ಡದು ಮಾಡು, ನೂರಾರು ಆಯಸ್ಕಾಂತ ತುಂಬು, ನಿಧಾನಕ್ಕೆ ಚಲಿಸಿದರೂ ಕರೆಂಟು ಬರಲಿ. ಬರುತ್ತದೆ. ಆದರೆ ಅದನ್ನು ಹೊರಲು ತೇಲುವ ತೆಪ್ಪವೂ ಅಷ್ಟೇ ದೊಡ್ಡದಾಗಬೇಕು.

ಹಾಗಾಗಿ ಮತ್ತೆ ನಡುವಿನವನ ಹುಡುಕಾಟ. ಈ ಸಲ ಹಲ್ಲಿಲ್ಲದವನು. ಹಲ್ಲಿನ ಬದಲು ಆಯಸ್ಕಾಂತ ಕೂರಿಸಿದ ಗೇರಿಗೆ 1901ರಲ್ಲೇ ಅಮೆರಿಕದಲ್ಲಿ ಆರ್ಮ್‌ಸ್ಟ್ರಾಂಗ್ ಎಂಬಾತ ಪೇಟೆಂಟ್ ಪಡೆದಿದ್ದ. ಶಿವನಸಮುದ್ರಕ್ಕಿಂತ ಒಂದು ವರ್ಷ ಹಳೆಯ ವಿಚಾರ. ಆದರೆ ಆಗಿನ ಆಯಸ್ಕಾಂತಗಳಿಗೆ ಕಸುವಿರಲಿಲ್ಲ, ಜೊತೆಗೆ ಆ ವಿನ್ಯಾಸದಲ್ಲಿ ಒಂದು ಹೊತ್ತಿಗೆ ಒಂದೆರಡು ಆಯಸ್ಕಾಂತ ಮಾತ್ರ ಎದುರುಬದುರಾಗಿ ಕೆಲಸ ಮಾಡುತ್ತಿದ್ದವು. ಉಳಿದವು ಹಮಾಲರ ಕಟ್ಟೆಯ ಮೇಲೆ ಕೂತಂತೆ ಸುಮ್ಮನಿರುತ್ತಿದ್ದವು. 1983ರಲ್ಲಿ ಜಪಾನಿನ ಮಸಾತೊ ಸಗಾವಾ ಮತ್ತು ಅಮೆರಿಕದ ಜನರಲ್ ಮೋಟಾರ್ಸ್ ಬೇರೆಬೇರೆಯಾಗಿ ನಿಯೋಡಿಮಿಯಮ್ ಆಯಸ್ಕಾಂತವನ್ನು ಹೊರತಂದ ಮೇಲೆ ಮೊದಲ ಕೊರತೆ ನೀಗಿತು. ಎರಡನೆಯದನ್ನು ನೀಗಿಸಿದ್ದು ಉಕ್ಕಿನ ಊರಾದ ಇಂಗ್ಲೆಂಡಿನ ಶೆಫೀಲ್ಡ್. ಅಲ್ಲಿನ ವಿಶ್ವವಿದ್ಯಾಲಯದ ಕೈಸ್ ಅತಲ್ಲಾ ಮತ್ತು ಡೇವಿಡ್ ಹೋವ್ 2001ರಲ್ಲಿ ಪ್ರಕಟಿಸಿದ ವಿನ್ಯಾಸದಲ್ಲಿ ಒಂದರೊಳಗೊಂದು ಮೂರು ಬಳೆಗಳಿವೆ. ಒಳಬಳೆಯಲ್ಲಿ 4 ಜೋಡಿ ಆಯಸ್ಕಾಂತ, ಹೊರಬಳೆಯಲ್ಲಿ 22 ಜೋಡಿ. ನಡುವಿನ ಬಳೆಯಲ್ಲಿ ಆಯಸ್ಕಾಂತವೇ ಇಲ್ಲ, ಬರೀ 26 ಉಕ್ಕಿನ ತುಂಡು. ನಾಲ್ಕು, ಇಪ್ಪತ್ತೆರಡು, ಒಟ್ಟು ಇಪ್ಪತ್ತಾರು. ಈ ಉಕ್ಕಿನ ತುಂಡುಗಳು ಹೊರಗಿನ ದಟ್ಟ ಕಾಂತಕ್ಷೇತ್ರವನ್ನು ಒಳಗಿನದಕ್ಕೆ ಅರ್ಥವಾಗುವಂತೆ ಬಿಡಿಸಿ ಹೇಳುತ್ತವೆ. ಹೊರಬಳೆ ಎರಡು ಸುತ್ತು ಬಂದರೆ ಒಳಬಳೆ ಹನ್ನೊಂದು ಸುತ್ತು. ಎಲ್ಲ ಆಯಸ್ಕಾಂತಕ್ಕೂ ಸದಾ ಕೆಲಸ. ಯಾವುದೂ ಯಾವುದನ್ನೂ ಮುಟ್ಟುವುದಿಲ್ಲ.

ನಮ್ಮ ದನದ ಸಂತೆಯಲ್ಲಿ ದಲಾಲರು ಟವೆಲ್ಲಿನ ಅಡಿಯಲ್ಲಿ ಬೆರಳು ಮುಟ್ಟಿ ಮಾತಿಲ್ಲದೆ ದರ ಕುದುರಿಸುತ್ತಾರೆ. ಇಲ್ಲಿ ಅದರ ತಿರುವುಮುರುವು: ಬೆರಳೂ ತಾಕದೆ ವ್ಯವಹಾರ. ಮುಟ್ಟದಿದ್ದರೆ ಸವೆತವಿಲ್ಲ, ಎಣ್ಣೆ ಬೇಡ. ನಡುವೆ ಗೋಡೆ ಹಾಕಿ ಜನರೇಟರನ್ನು ಉಪ್ಪುನೀರಿನಿಂದ ಪೂರ್ತಿ ಮುಚ್ಚಿಬಿಡಬಹುದು. ಡೆನ್ಮಾರ್ಕಿನ ಆಲ್‌ಬೋರ್ಗ್‌ನಲ್ಲಿ ಇದೇ ತತ್ವವನ್ನು ಸ್ಕ್ರೂ ಮತ್ತು ನಟ್ಟಿಗೆ ಒಗ್ಗಿಸಿ, ಅಲೆಯ ಏರಿಳಿತವನ್ನು ನೇರ ತಿರುಗುವಿಕೆಯಾಗಿ ಮಾಡುವ ಆಯಸ್ಕಾಂತದ ಸ್ಕ್ರೂ ಕಟ್ಟಿ ಪರೀಕ್ಷಿಸಿದರು. ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ಜೊನಾಥನ್ ಬರ್ಡ್ ಅವರ ತಂಡ ಕಡಲ ಜನರೇಟರುಗಳಿಗಾಗಿಯೇ ಇಂಥ ಗೇರುಗಳ ಮೇಲೆ ಕೆಲಸ ಮಾಡಿದೆ. ಇವು ಇನ್ನೂ ಸಂತೆಗೆ ಬಂದ ಸರಕಲ್ಲ. ಆಯಸ್ಕಾಂತದ ದರ ಮುಖ್ಯ ಅಡ್ಡಿ. 2010ರಲ್ಲಿ ಚೀನಾ ವಿರಳ ಲೋಹಗಳ ರಫ್ತು ಬಿಗಿ ಮಾಡಿದಾಗ ಬೆಲೆ ಆಕಾಶಕ್ಕೆ ಹಾರಿದ್ದನ್ನು, 2025ರಲ್ಲಿ ಮತ್ತೆ ಬಿಗಿ ಮಾಡಿದಾಗ ಭಾರತದ ಮೋಟಾರು ಕಾರ್ಖಾನೆಗಳೂ ಚಡಪಡಿಸಿದ್ದನ್ನು ಕಂಡಿದ್ದೇವೆ. ಈ ಪೇಟೆಯ ಸಗಟು ವ್ಯಾಪಾರಿ ಒಬ್ಬನೇ.

ಕಾರವಾರದಿಂದ ಉಳ್ಳಾಲದವರೆಗಿನ ನಮ್ಮ ದಂಡೆಗೆ ಇನ್ನೊಂದು ಕಷ್ಟವೂ ಇದೆ. ಕಡಲು ಅಬ್ಬರಿಸುವುದು ಆಷಾಢ-ಶ್ರಾವಣದಲ್ಲಿ, ಬೇಸಿಗೆಯಲ್ಲಿ ಕೆರೆಯಂತೆ ಮಲಗಿರುತ್ತದೆ. ಗೋಕಾಕದ್ದೇ ಪಾಡು, ಧೂಪದಾಳ ಇಲ್ಲದ ಗೋಕಾಕದ ಪಾಡು. ಮಳೆಗಾಲದ ಅಲೆಯನ್ನು ತಾಳುವಂತೆ ಕಟ್ಟಿದ್ದು ಮಾಘದಲ್ಲಿ ಸುಮ್ಮನೆ ತೇಲುತ್ತಿರುತ್ತದೆ. ಮಾಘಕ್ಕೆಂದು ಕಟ್ಟಿದ್ದು ಆಷಾಢದಲ್ಲಿ ಮುರಿಯುತ್ತದೆ.

ಆಯಸ್ಕಾಂತದ ಗೇರನ್ನು ಜನ ಮೆಚ್ಚುವುದು ಈ ಮುರಿಯುವ ಜಾಗದಲ್ಲಿ. ಹೊರೆ ಮೀರಿದ ಅಲೆ ಬಂದು ಗುದ್ದಿದರೆ ಉಕ್ಕಿನ ಹಲ್ಲು ಮುರಿಯುತ್ತದೆ. ಆಯಸ್ಕಾಂತದ ಬಳೆ ಹಿಡಿತ ಬಿಟ್ಟು ಜಾರುತ್ತದೆ, ಒಂದು ಜೋಡಿ ದಾಟಿ ಮುಂದಿನದನ್ನು ಹಿಡಿಯುತ್ತದೆ, ಅಲೆ ಹೋದ ಮೇಲೆ ಮತ್ತೆ ಮೊದಲಿನಂತೆ ತಿರುಗುತ್ತದೆ. ಹೊಸ ಗುಣ ಎಂದು ಬರೆಯುತ್ತಾರೆ. ಗೋಕಾಕದ ಕಮರಿಯಲ್ಲಿ ಟರ್ಬೈನಿಗೂ ಗಿರಣಿಗೂ ನಡುವೆ ಓಡುತ್ತಿದ್ದ ಹಗ್ಗವನ್ನು ಹಿಡಿದಿದ್ದದ್ದು ಹಲ್ಲಲ್ಲ, ಗಾಲಿಯ ಅಂಚಿನ ಘರ್ಷಣೆ. ಮೇಲೆ ಹೊರೆ ಮೀರಿದರೆ ಹಗ್ಗವೂ ಗಾಲಿಯ ಮೇಲೆ ಜಾರುವಂಥದ್ದೇ. ಜಾರಿದ ಕಡೆ ಚರ್ಮದ ಪಟ್ಟಿ ಸುಟ್ಟು ಸವೆಯುತ್ತಿತ್ತು, ಅದನ್ನು ತೆಗೆದು ಹೊಸದು ಕೂರಿಸುತ್ತಿದ್ದರು.